ಹಳೆಯ ಐಷಾರಾಮಿ ಕಾರು: ಬೆಲೆ ಇಳಿದರೂ ಹೊಣೆ ಇಳಿಯದು

ಬೆಂಗಳೂರು: 2025ರ ಫೆಬ್ರವರಿ 2ರ ಭಾನುವಾರ ರಾಜ್ಯ ಸಾರಿಗೆ ಇಲಾಖೆಯ ಅಧಿಕಾರಿಗಳು ನಗರದಲ್ಲಿ ಕಾರ್ಯಾಚರಣೆ ನಡೆಸಿ 30 ಐಷಾರಾಮಿ ಕಾರುಗಳನ್ನು ವಶಪಡಿಸಿಕೊಂಡರು. ಫೆರಾರಿ, ಪೋರ್ಷೆ, ಆಸ್ಟನ್ ಮಾರ್ಟಿನ್, ಮರ್ಸಿಡಿಸ್ ಬೆಂಜ್, ಬಿಎಂಡಬ್ಲ್ಯು, ಆಡಿ, ರೇಂಜ್ ರೋವರ್ ಕಾರುಗಳು ಅಂದು ಸಿಕ್ಕಿಬಿದ್ದವು. ಹೊರರಾಜ್ಯದ ನೋಂದಣಿ ಫಲಕ ಹೊತ್ತು, ಕರ್ನಾಟಕದ ತೆರಿಗೆ ಕಟ್ಟದೆ ಇಲ್ಲಿನ ರಸ್ತೆಗಳಲ್ಲಿ ಓಡಾಡುತ್ತಿದ್ದವು ಎಂಬುದು ಇಲಾಖೆಯ ಆರೋಪ. ಬಾಕಿ ತೆರಿಗೆ ಸುಮಾರು 3 ಕೋಟಿ ರೂ. ಎಂದು ಅಂದಾಜಿಸಲಾಯಿತು.

ಅದೇ ವರ್ಷದ ಜುಲೈನಲ್ಲಿ ಮಹಾರಾಷ್ಟ್ರದ ನೋಂದಣಿ ಹೊಂದಿದ್ದ ಫೆರಾರಿ ಕಾರೊಂದರ ಮಾಲೀಕರು ತೆರಿಗೆ ಮತ್ತು ದಂಡ ಸೇರಿ 1.41 ಕೋಟಿ ರೂ.ಗೂ ಹೆಚ್ಚು ಮೊತ್ತವನ್ನು ಬೆಂಗಳೂರಿನಲ್ಲಿ ಪಾವತಿಸಬೇಕಾಯಿತು. ಅದೇ ತಿಂಗಳು ಎರಡು ರೋಲ್ಸ್ ರಾಯ್ಸ್ ಕಾರುಗಳಿಗೆ 38 ಲಕ್ಷ ರೂ.ಗೂ ಹೆಚ್ಚು ತೆರಿಗೆ ವಸೂಲಾಯಿತು. ಅವೆರಡೂ ಮುಂಬೈ ಚಿತ್ರರಂಗದ ಪ್ರಸಿದ್ಧ ನಟರ ಬಳಿ ಇದ್ದು, ನಂತರ ಬೆಂಗಳೂರಿಗೆ ಬಂದ ಹಳೆಯ ಕಾರುಗಳು.

ಇವೆಲ್ಲ ಸಿರಿವಂತರ ಸುದ್ದಿ, ಸಾಮಾನ್ಯ ಓದುಗರಿಗೆ ಇದರಿಂದ ಆಗಬೇಕಾದುದೇನು ಎಂದು ಕೇಳಬಹುದು. ಆದರೆ ಪರಿಸ್ಥಿತಿ ಬದಲಾಗಿದೆ. ಹೊಸದಾಗಿದ್ದಾಗ 60 ಲಕ್ಷ, 80 ಲಕ್ಷ ರೂ. ಬೆಲೆಯಿದ್ದ ಎರಡು ಬಾಗಿಲಿನ, ತಗ್ಗಿನ ಛಾವಣಿಯ ಕ್ರೀಡಾ ಕಾರುಗಳು, ಅಂದರೆ ಸ್ಪೋರ್ಟ್ಸ್ ಕೂಪೆಗಳು, ಕೆಲ ವರ್ಷಗಳ ಬಳಿಕ ಒಳ್ಳೆಯ ಹೊಸ ಎಸ್‌ಯುವಿಯೊಂದರ ಬೆಲೆಗೆ ಮಾರಾಟಕ್ಕೆ ಬರುತ್ತಿವೆ. ಮಾಸಿಕ ಕಂತಿನ ಲೆಕ್ಕ ಹಾಕುವ ಸಾಫ್ಟ್‌ವೇರ್ ಉದ್ಯೋಗಿ, ವ್ಯಾಪಾರದಲ್ಲಿ ತುಸು ಕೈಗೂಡಿದ ಯುವಕ, ಕೈತುಂಬ ಸಂಪಾದನೆ ಇರುವ ವೈದ್ಯರು ಇಂದು ಇವುಗಳ ಗಿರಾಕಿಗಳು. ಕಾನೂನು, ತೆರಿಗೆ ಮತ್ತು ದುರಸ್ತಿಯ ಹೊರೆ ಬೀಳುತ್ತಿರುವುದು ಈ ಎರಡನೆಯ ಖರೀದಿದಾರರ ಮೇಲೆ. ಕಾರಿನ ಬೆಲೆ ಕೈಯಿಂದ ಕೈಗೆ ಇಳಿಯುತ್ತ ಹೋದರೂ ಅದರ ಹೊಣೆ ಅದೇ ಪ್ರಮಾಣದಲ್ಲಿ ಇಳಿಯುವುದಿಲ್ಲ ಎಂಬುದೇ ಈ ಪ್ರಕರಣಗಳಿಂದ ಕಲಿಯಬೇಕಾದ ಪಾಠ.

ಇಷ್ಟು ಅಗ್ಗವೇಕೆ?

ಭಾರತದಲ್ಲಿ ಮಾರಾಟವಾಗಿರುವ ಕೂಪೆಗಳಲ್ಲಿ ಬಹುಪಾಲು ಪೂರ್ಣವಾಗಿ ವಿದೇಶದಲ್ಲಿ ತಯಾರಾಗಿ ಹಡಗಿನಲ್ಲಿ ಬಂದವು. ಹೀಗೆ ಬರುವ, 40 ಸಾವಿರ ಡಾಲರ್‌ಗಿಂತ ಹೆಚ್ಚು ಮೌಲ್ಯದ ಕಾರಿನ ಮೇಲೆ 2025ರ ಕೇಂದ್ರ ಬಜೆಟ್ ನಿಗದಿಪಡಿಸಿದ ಮೂಲ ಆಮದು ಸುಂಕ ಶೇ. 70, ಕೃಷಿ ಮೂಲಸೌಕರ್ಯ ಸೆಸ್ ಶೇ. 40, ಒಟ್ಟು ಶೇ. 110. ಅದರ ಮೇಲೆ ಜಿಎಸ್‌ಟಿ. 2025ರ ಸೆಪ್ಟೆಂಬರ್ 22ರಿಂದ ದೊಡ್ಡ ಕಾರುಗಳಿಗೆ ಇದು ಶೇ. 40. ಕೊನೆಗೆ ರಾಜ್ಯದ ಜೀವಿತಾವಧಿ ತೆರಿಗೆ. ಕರ್ನಾಟಕದಲ್ಲಿ 20 ಲಕ್ಷ ರೂ. ಮೀರಿದ ಪೆಟ್ರೋಲ್, ಡೀಸೆಲ್ ಕಾರಿಗೆ ಇದರ ದರ ಶೇ. 18, ತೆರಿಗೆಯ ಮೇಲಿನ ಸೆಸ್ ಸೇರಿದರೆ ಶೇ. 20ರ ಸಮೀಪ.

ಒಂದು ಸರಳ ಲೆಕ್ಕ ನೋಡೋಣ. ಬಂದರಿಗೆ ಬಂದಿಳಿದಾಗ 40 ಲಕ್ಷ ರೂ. ಮೌಲ್ಯದ ಕಾರಿಗೆ 44 ಲಕ್ಷ ರೂ. ಸುಂಕ ಸೇರಿ 84 ಲಕ್ಷ ರೂ. ಆಗುತ್ತದೆ. ಅದಕ್ಕೆ 33.6 ಲಕ್ಷ ರೂ. ಜಿಎಸ್‌ಟಿ ಸೇರಿದರೆ 1 ಕೋಟಿ 17 ಲಕ್ಷ ರೂ. ದಾಟುತ್ತದೆ. ರಾಜ್ಯದ ತೆರಿಗೆಯೂ ಸೇರಿದಾಗ 1 ಕೋಟಿ 41 ಲಕ್ಷ ರೂ. ವಿತರಕರ ಲಾಭ, ವಿಮೆ ಇದರಲ್ಲಿ ಸೇರಿಲ್ಲ. ಅಂದರೆ ಮೊದಲ ಮಾಲೀಕರು ಕೊಟ್ಟ ಹಣದಲ್ಲಿ ಮೂರನೇ ಎರಡು ಭಾಗಕ್ಕೂ ಹೆಚ್ಚು ಕಾರಿಗಲ್ಲ, ತೆರಿಗೆಗೆ ಹೋಯಿತು. ಆ ತೆರಿಗೆಗೆ ಮರುಮಾರಾಟದಲ್ಲಿ ಬೆಲೆ ಸಿಗುವುದು ಕಷ್ಟ. ಬೆಲೆ ಕಡಿದಾಗಿ ಕುಸಿಯಲು ಇದು ಮೊದಲ ಕಾರಣ.

ಎರಡನೆಯ ಕಾರಣ, ಗಿರಾಕಿಗಳ ಕೊರತೆ. ಹಿಂದಿನ ಆಸನದಲ್ಲಿ ಮಕ್ಕಳೂ ಸರಿಯಾಗಿ ಕೂರಲಾಗದ, ರಸ್ತೆ ಉಬ್ಬು ಕಂಡರೆ ಅಡಿಭಾಗ ಉಜ್ಜುವ ಕಾರನ್ನು ಮನೆಯ ಏಕೈಕ ಕಾರಾಗಿ ಕೊಳ್ಳುವವರು ವಿರಳ. ಮೂರನೆಯದು, ಮಾದರಿಯೇ ನಿಂತುಹೋಗುವುದು. ಆಡಿ ಟಿಟಿ ತನ್ನ ಮೂರನೆಯ ಪೀಳಿಗೆಯಲ್ಲಿ 2015ರಲ್ಲಿ ಸುಮಾರು 60 ಲಕ್ಷ ರೂ. ಶೋರೂಂ ಬೆಲೆಗೆ ಇಲ್ಲಿಗೆ ಬಂತು. ಅದರ ತಯಾರಿಕೆ 2023ರಲ್ಲಿ ಕೊನೆಗೊಂಡಿತು. ಫೋರ್ಡ್ ಮಸ್ಟಾಂಗ್ 2016ರಲ್ಲಿ 65 ಲಕ್ಷ ರೂ.ಗೆ ಬಂತು, ಫೋರ್ಡ್ ಕಂಪನಿ 2021ರಲ್ಲಿ ಭಾರತದಲ್ಲಿ ಕಾರು ತಯಾರಿಕೆ ನಿಲ್ಲಿಸುವುದಾಗಿ ಘೋಷಿಸಿತು. ಜಾಗ್ವಾರ್ ಎಫ್–ಟೈಪ್ ತಯಾರಿಕೆ 2024ರಲ್ಲಿ ನಿಂತಿತು. ಸೇವಾ ಕೇಂದ್ರಗಳು ಉಳಿದಿದ್ದರೂ ಬಿಡಿಭಾಗ ಮುಂದೆ ಸಿಗುವುದೋ ಇಲ್ಲವೋ ಎಂಬ ಅನುಮಾನವೇ ಬೆಲೆಯನ್ನು ಕೆಳಗೆಳೆಯುತ್ತದೆ.

ಇದಕ್ಕೆ ಹೊಸದೊಂದು ಕಾರಣವೂ ಸೇರಿಕೊಂಡಿದೆ. 2025ರ ಸೆಪ್ಟೆಂಬರ್‌ಗೆ ಮುನ್ನ ದೊಡ್ಡ ಕಾರುಗಳ ಮೇಲೆ ಜಿಎಸ್‌ಟಿ ಮತ್ತು ಪರಿಹಾರ ಸೆಸ್ ಸೇರಿ ಶೇ. 48ರಷ್ಟಿದ್ದ ತೆರಿಗೆ ಶೇ. 40ಕ್ಕೆ ಇಳಿಯಿತು. 2025ರ ಜುಲೈನಲ್ಲಿ ಬ್ರಿಟನ್ ಜತೆ ಸಹಿಯಾದ ವ್ಯಾಪಾರ ಒಪ್ಪಂದ, ನಿಗದಿತ ಸಂಖ್ಯೆಯ ಕಾರುಗಳಿಗೆ ಆಮದು ಸುಂಕವನ್ನು ಹಂತಹಂತವಾಗಿ ಶೇ. 10ಕ್ಕೆ ಇಳಿಸಲು ಅವಕಾಶ ಮಾಡಿಕೊಟ್ಟಿದೆ. ಹೊಸ ಕಾರಿನ ತೆರಿಗೆ ಇಳಿದಂತೆಲ್ಲ ಹಳೆಯ ಕಾರಿನ ಬೆಲೆಯೂ ಇಳಿಯಲೇಬೇಕು. ಇಂದು ಅಗ್ಗವಾಗಿ ಕಂಡ ಕಾರನ್ನು ಮೂರು ವರ್ಷಗಳ ನಂತರ ಮಾರಹೊರಟವರು ಇನ್ನೂ ಅಗ್ಗಕ್ಕೆ ಕೊಡಬೇಕಾಗಬಹುದು. ಹಳೆಯ ಕೂಪೆಯನ್ನು ‘ಹೂಡಿಕೆ’ ಎಂದು ಬಣ್ಣಿಸುವ ದಲ್ಲಾಳಿಗಳ ಮಾತನ್ನು ಈ ಹಿನ್ನೆಲೆಯಲ್ಲಿ ತೂಗಿ ನೋಡಬೇಕು.

ಗಡಿ ದಾಟಿದ ಕಾರು, ದಾಟದ ತೆರಿಗೆ

ವಾಹನ ತೆರಿಗೆ ರಾಜ್ಯಗಳ ಅಧಿಕಾರ. ಹೀಗಾಗಿ ಒಂದೇ ಕಾರಿಗೆ ಒಂದೊಂದು ರಾಜ್ಯದಲ್ಲಿ ಒಂದೊಂದು ತೆರಿಗೆ. ಕರ್ನಾಟಕದ ದರ ದೇಶದಲ್ಲೇ ಹೆಚ್ಚಿನ ದರಗಳಲ್ಲಿ ಒಂದು. ಪುದುಚೇರಿಯಂತಹ ಕಡೆ ತೆರಿಗೆ ತೀರ ಕಡಿಮೆ. ಅಲ್ಲಿನ ವಿಳಾಸ ತೋರಿಸಿ ನೋಂದಣಿ ಮಾಡಿಸಿ ಬೇರೆ ರಾಜ್ಯದಲ್ಲಿ ಕಾರು ಓಡಿಸುವ ಪರಿಪಾಠ ಹಳೆಯದು. 2017ರಲ್ಲಿ ಕೇರಳದ ಕೆಲ ಚಿತ್ರತಾರೆಯರ ಕಾರುಗಳ ಪುದುಚೇರಿ ನೋಂದಣಿ ದೊಡ್ಡ ವಿವಾದವಾಗಿತ್ತು. ಇಂತಹ ಕಾರುಗಳು ಎಂಟು ಹತ್ತು ವರ್ಷಗಳ ನಂತರ ಹಳೆಯ ಕಾರಿನ ಮಾರುಕಟ್ಟೆಗೆ ಬಂದಾಗ ಮೊದಲ ಮಾಲೀಕರು ಉಳಿಸಿಕೊಂಡ ತೆರಿಗೆ ಕೊನೆಯ ಮಾಲೀಕರ ತಲೆಯ ಮೇಲೆ ಬರುತ್ತದೆ.

1988ರ ಮೋಟಾರು ವಾಹನ ಕಾಯ್ದೆಯ 47ನೇ ಸೆಕ್ಷನ್ ಪ್ರಕಾರ, ಒಂದು ರಾಜ್ಯದಲ್ಲಿ ನೋಂದಣಿಯಾದ ವಾಹನವನ್ನು 12 ತಿಂಗಳಿಗಿಂತ ಹೆಚ್ಚು ಕಾಲ ಮತ್ತೊಂದು ರಾಜ್ಯದಲ್ಲಿ ಇಟ್ಟುಕೊಂಡರೆ ಹೊಸ ನೋಂದಣಿ ಸಂಖ್ಯೆ ಪಡೆಯಲೇಬೇಕು. ಕರ್ನಾಟಕ ಸರ್ಕಾರ 2014ರಲ್ಲಿ ತೆರಿಗೆ ಕಾಯ್ದೆಗೆ ತಿದ್ದುಪಡಿ ತಂದು, ಹೊರರಾಜ್ಯದ ವಾಹನ 30 ದಿನ ಮೀರಿ ಇಲ್ಲಿದ್ದರೆ ಜೀವಿತಾವಧಿ ತೆರಿಗೆ ಕಟ್ಟಬೇಕೆಂದು ವಿಧಿಸಿತ್ತು. ಇದರಿಂದ ಹೊರಗಿನಿಂದ ಬಂದ ಉದ್ಯೋಗಿಗಳು ಅನುಭವಿಸಿದ ಕಿರುಕುಳ ಅಷ್ಟಿಷ್ಟಲ್ಲ. 2016ರಲ್ಲಿ ರಾಜ್ಯ ಹೈಕೋರ್ಟ್ ಆ ತಿದ್ದುಪಡಿಯನ್ನು ರದ್ದುಪಡಿಸಿತು. ಆದರೆ ವರ್ಷ ಮೀರಿದ ಮೇಲೆ ತೆರಿಗೆಯಿಂದ ತಪ್ಪಿಸಿಕೊಳ್ಳುವ ಹಾದಿಯಿಲ್ಲ.

ಈ ತೆರಿಗೆಯ ಲೆಕ್ಕಾಚಾರದಲ್ಲಿ ಖರೀದಿದಾರರು ಗಮನಿಸಬೇಕಾದ ಅಂಶವೊಂದಿದೆ. ಹಳೆಯ ಕಾರಿಗೆ ನೀವು ಕೊಟ್ಟ ಬೆಲೆ ಇದಕ್ಕೆ ಆಧಾರವಲ್ಲ. ವಾಹನ ಹೊಸದಾಗಿದ್ದಾಗಿನ ಬೆಲೆಯ ಮೇಲೆ ತೆರಿಗೆ ಕಟ್ಟಿ, ವಯಸ್ಸಿಗೆ ತಕ್ಕಂತೆ ಅದನ್ನು ಇಳಿಸಲಾಗುತ್ತದೆ. 60 ಲಕ್ಷ ರೂ. ಬೆಲೆಯ ಕಾರಿಗೆ ಹೊಸದರಲ್ಲಿ ಕರ್ನಾಟಕದ ತೆರಿಗೆ ಸೆಸ್ ಸೇರಿ ಸುಮಾರು 12 ಲಕ್ಷ ರೂ. ವಯಸ್ಸಿನ ರಿಯಾಯಿತಿ ಕಳೆದು ಮೂರನೇ ಒಂದು ಪಾಲು ಮಾತ್ರ ಉಳಿದಿದೆ ಎಂದಿಟ್ಟುಕೊಂಡರೂ 4 ಲಕ್ಷ ರೂ. ಆಯಿತು. ಮಹಾರಾಷ್ಟ್ರದ ಫಲಕ ಹೊತ್ತ ಕಾರು ಇಲ್ಲಿನ ಫಲಕದ ಕಾರಿಗಿಂತ 3 ಲಕ್ಷ ರೂ. ಅಗ್ಗ ಎಂದು ಹಿಗ್ಗಿದವರಿಗೆ ಅದು ಅಗ್ಗವೇ ಅಲ್ಲ ಎಂಬುದು ಆರ್‌ಟಿಒ ಕಚೇರಿಯಲ್ಲಿ ತಿಳಿಯುತ್ತದೆ. ಮೂಲ ರಾಜ್ಯದಲ್ಲಿ ಕಟ್ಟಿದ ತೆರಿಗೆಯ ಉಳಿದ ಭಾಗವನ್ನು ಹಿಂಪಡೆಯಲು ಅವಕಾಶವಿದೆ. ಆದರೆ ಇಲ್ಲಿ ಮೊದಲು ಪೂರ್ಣ ತೆರಿಗೆ ಕಟ್ಟಿ, ಹೊಸ ನೋಂದಣಿಯ ದಾಖಲೆ ಹಿಡಿದು, ಅಲ್ಲಿನ ಕಚೇರಿಗೆ ಅರ್ಜಿ ಹಾಕಿ ಕಾಯಬೇಕು.

ಹೆಸರು ಯಾರದು, ಹೊಣೆ ಯಾರದು?

2021ರ ಆಗಸ್ಟ್‌ನಲ್ಲಿ ಬೆಂಗಳೂರಿನಲ್ಲಿ ವಶಪಡಿಸಿಕೊಂಡ ಐಷಾರಾಮಿ ಕಾರುಗಳ ಪೈಕಿ ಒಂದು ರೋಲ್ಸ್ ರಾಯ್ಸ್‌ನ ದಾಖಲೆಯಲ್ಲಿ ಮಾಲೀಕರ ಹೆಸರು ಅಮಿತಾಭ್ ಬಚ್ಚನ್ ಎಂದೇ ಇತ್ತು. ಅವರು ಕಾರು ಮಾರಿ ಕಾಲವಾಗಿತ್ತು. ಕೊಂಡವರು ಹೆಸರು ಬದಲಾಯಿಸಿಕೊಂಡಿರಲಿಲ್ಲ. ಸುದ್ದಿಯ ದೃಷ್ಟಿಯಿಂದ ಇದು ಸ್ವಾರಸ್ಯಕರ ಪ್ರಸಂಗ. ಕಾನೂನಿನ ದೃಷ್ಟಿಯಿಂದ ಗಂಭೀರ.

ಮೋಟಾರು ವಾಹನ ಕಾಯ್ದೆಯ 50ನೇ ಸೆಕ್ಷನ್ ಪ್ರಕಾರ, ಮಾರಿದವರು ಅದೇ ರಾಜ್ಯದೊಳಗಿನ ಮಾರಾಟವಾದರೆ 14 ದಿನಗಳಲ್ಲಿ, ಹೊರರಾಜ್ಯದ್ದಾದರೆ 45 ದಿನಗಳಲ್ಲಿ ನೋಂದಣಿ ಪ್ರಾಧಿಕಾರಕ್ಕೆ ತಿಳಿಸಬೇಕು. ಕೊಂಡವರು 30 ದಿನಗಳಲ್ಲಿ ವರ್ಗಾವಣೆಗೆ ಅರ್ಜಿ ಸಲ್ಲಿಸಬೇಕು. ಇದನ್ನು ಪಾಲಿಸದಿದ್ದರೆ ಏನಾಗುತ್ತದೆ ಎಂಬುದನ್ನು ಸುಪ್ರೀಂ ಕೋರ್ಟ್ 2018ರ ನವೀನ್ ಕುಮಾರ್ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ. ಆ ಕಾರು ಒಬ್ಬರಿಂದೊಬ್ಬರಿಗೆ ಹಲವು ಕೈ ದಾಟಿತ್ತು. ಆರ್‌ಸಿಯಲ್ಲಿ ಮಾತ್ರ ಮೊದಲಿನವರ ಹೆಸರೇ ಇತ್ತು. ಅಪಘಾತದ ಪರಿಹಾರ ನೀಡುವ ಹೊಣೆ ದಾಖಲೆಯಲ್ಲಿ ಹೆಸರಿರುವವರದ್ದೇ ಎಂದು ನ್ಯಾಯಾಲಯ ತೀರ್ಪಿತ್ತಿತು. ಗಾಯಗೊಂಡವರು ಅಥವಾ ಸತ್ತವರ ಕುಟುಂಬದವರು ಕಾರಿನ ಮಾಲೀಕರನ್ನು ಹುಡುಕಿಕೊಂಡು ಒಬ್ಬರಿಂದ ಇನ್ನೊಬ್ಬರ ಬಳಿಗೆ ಅಲೆಯುವಂತಾಗಬಾರದು ಎಂಬುದು ತೀರ್ಪಿನ ಹಿಂದಿನ ನ್ಯಾಯ.

ಇದು ಮಾರುವವರಿಗೆ ಎಚ್ಚರಿಕೆಯಾದರೆ ಕೊಳ್ಳುವವರಿಗೂ ಎಚ್ಚರಿಕೆಯೇ. ಅತಿ ವೇಗದ ಕಾರೊಂದನ್ನು ಬೇರೆಯವರ ಹೆಸರಿನ ದಾಖಲೆಯಲ್ಲಿ, ಬೇರೆಯವರ ಹೆಸರಿನ ವಿಮೆಯಲ್ಲಿ ಓಡಿಸುವವರು ಅಪಘಾತವಾದಾಗ ತಮ್ಮ ಕಾರಿನ ನಷ್ಟಕ್ಕೆ ವಿಮಾ ಪರಿಹಾರ ಪಡೆಯುವುದು ಕಷ್ಟ. ವಾಹನ ಕೈ ಬದಲಾದ 14 ದಿನಗಳೊಳಗೆ ವಿಮೆಯ ವರ್ಗಾವಣೆಗೆ ಅರ್ಜಿ ಹಾಕಬೇಕು. ಹಿಂದಿನ ಮಾಲೀಕರ ‘ನೋ ಕ್ಲೇಮ್ ಬೋನಸ್’ ಕಾರಿನ ಜತೆ ಬರುವುದಿಲ್ಲ; ಅದು ಅವರ ಸ್ವಂತದ್ದು. ಕಾರಿನ ಮೇಲೆ ಬ್ಯಾಂಕ್ ಸಾಲವಿದ್ದರೆ ಅದು ತೀರಿ, ನೋಂದಣಿ ದಾಖಲೆಯಿಂದ ಅಡಮಾನದ ನಮೂದು ರದ್ದಾಗಬೇಕು.

ಮಧ್ಯವರ್ತಿಗಳನ್ನು ಹದ್ದುಬಸ್ತಿಗೆ ತರಲು ಕೇಂದ್ರ ಸರ್ಕಾರ ರೂಪಿಸಿದ ನಿಯಮಗಳು 2023ರ ಏಪ್ರಿಲ್ 1ರಿಂದ ಜಾರಿಗೆ ಬಂದಿವೆ. ಹಳೆಯ ವಾಹನ ಮಾರುವವರು ನೋಂದಣಿ ಪ್ರಾಧಿಕಾರದಿಂದ ಅಧಿಕಾರ ಪತ್ರ ಪಡೆಯಬೇಕು. ಮಾಲೀಕರು ಕಾರನ್ನು ವ್ಯಾಪಾರಿಗೆ ಒಪ್ಪಿಸಿದ್ದನ್ನು ಪ್ರಾಧಿಕಾರಕ್ಕೆ ತಿಳಿಸಿದ ಮೇಲೆ, ಮುಂದಿನ ಗಿರಾಕಿ ಸಿಗುವವರೆಗೆ ವ್ಯಾಪಾರಿಯೇ ಮಾಲೀಕನೆಂದು ಪರಿಗಣಿತನಾಗುತ್ತಾನೆ. ನಿಯಮ ಒಳ್ಳೆಯದೇ. ಆದರೆ ಸಹಿ ಹಾಕಿದ ಖಾಲಿ ನಮೂನೆಗಳನ್ನು ಕಡತದಲ್ಲಿಟ್ಟುಕೊಂಡು ಕಾರನ್ನು ಕೈಯಿಂದ ಕೈಗೆ ದಾಟಿಸುವ ಹಳೆಯ ಅಭ್ಯಾಸ ನಿಯಮ ಬಂದ ಮಾತ್ರಕ್ಕೆ ಹೋಗುವುದಿಲ್ಲ. ಅಧಿಕಾರ ಪತ್ರ ತೋರಿಸಿ ಎಂದು ಕೇಳುವ ಹಕ್ಕು ಗಿರಾಕಿಗಿದೆ.

ಹಳೆಯ ಕಾರಿನ ಮೇಲಿನ ಜಿಎಸ್‌ಟಿಯ ಬಗೆಗೂ ಗೊಂದಲವಿದೆ. 2024ರ ಡಿಸೆಂಬರ್‌ನಲ್ಲಿ ಜೈಸಲ್ಮೇರ್‌ನಲ್ಲಿ ನಡೆದ ಜಿಎಸ್‌ಟಿ ಮಂಡಳಿ ಸಭೆ ಎಲ್ಲ ಹಳೆಯ ವಾಹನಗಳಿಗೂ ಶೇ. 18ರ ಏಕರೂಪ ದರ ಶಿಫಾರಸು ಮಾಡಿದಾಗ ಹಲವರು ಗಾಬರಿಯಾದರು. ಈ ತೆರಿಗೆ ಇಡೀ ಬೆಲೆಯ ಮೇಲಲ್ಲ. ನೋಂದಾಯಿತ ವ್ಯಾಪಾರಿಯ ಲಾಭದ ಮೇಲೆ ಮಾತ್ರ. 20 ಲಕ್ಷ ರೂ.ಗೆ ಕೊಂಡ ಕಾರನ್ನು ವ್ಯಾಪಾರಿ 23 ಲಕ್ಷ ರೂ.ಗೆ ಮಾರಿದರೆ 3 ಲಕ್ಷ ರೂ. ಮೇಲಿನ ತೆರಿಗೆ 54 ಸಾವಿರ ರೂ. ಜಿಎಸ್‌ಟಿ ನೋಂದಣಿ ಇಲ್ಲದ ವ್ಯಕ್ತಿ ತನ್ನ ಸ್ವಂತ ಕಾರನ್ನು ಮತ್ತೊಬ್ಬರಿಗೆ ಮಾರಿದರೆ ಈ ತೆರಿಗೆ ಇಲ್ಲ. ಇಡೀ ಬೆಲೆಗೆ ಶೇ. 18 ಸೇರಿಸಿ ಕೇಳುವವರಿದ್ದರೆ ಎಚ್ಚರ ವಹಿಸಬೇಕು.

ಎರಡು ದಶಕ ಎಳೆದ ಪೋರ್ಷೆ ಪ್ರಕರಣ

ಆಮದು ಸುಂಕದ ವಂಚನೆ ಇನ್ನೊಂದು ಅಪಾಯ. ವಿದೇಶದಿಂದ ಹಳೆಯ ಕಾರು ತರಲು ನಿಯಮಗಳು ಕಟ್ಟುನಿಟ್ಟಾಗಿವೆ. ಕಾರು ಮೂರು ವರ್ಷಕ್ಕಿಂತ ಹಳೆಯದಾಗಿರಬಾರದು, ಚಾಲಕನ ಆಸನ ಬಲಬದಿಯಲ್ಲಿರಬೇಕು, ಮುಂಬೈ ಬಂದರಿನ ಮೂಲಕವೇ ಬರಬೇಕು. ಈ ಕಟ್ಟಳೆಗಳನ್ನು ತಪ್ಪಿಸಲು ತಯಾರಿಕಾ ವರ್ಷ ತಿದ್ದುವುದು, ಮೌಲ್ಯ ಕಡಿಮೆ ತೋರಿಸುವುದು, ರಾಜತಾಂತ್ರಿಕರ ಹೆಸರಿನಲ್ಲಿ ತರುವುದು ಮುಂತಾದ ಕುತಂತ್ರಗಳು ನಡೆದಿವೆ. 2025ರ ಸೆಪ್ಟೆಂಬರ್‌ನಲ್ಲಿ ಕೊಚ್ಚಿಯ ಕಸ್ಟಮ್ಸ್ ಅಧಿಕಾರಿಗಳು ಭೂತಾನ್ ಮಾರ್ಗವಾಗಿ ಬಂದವೆನ್ನಲಾದ ಹಳೆಯ ವಾಹನಗಳಿಗಾಗಿ ‘ನುಮ್‌ಖೋರ್’ ಹೆಸರಿನ ಕಾರ್ಯಾಚರಣೆ ನಡೆಸಿದಾಗ ಹೆಸರಾಂತ ನಟರ ಮನೆಗಳಲ್ಲೂ ಶೋಧ ನಡೆಯಿತು.

ಇಂತಹ ಕಾರನ್ನು ಅರಿಯದೆ ಕೊಂಡವರ ಗತಿಯೇನು? ಇದಕ್ಕೆ ಸುಪ್ರೀಂ ಕೋರ್ಟ್ 2024ರಲ್ಲಿ ನೀಡಿದ ತೀರ್ಪು ಮುಖ್ಯವಾದುದು. 2000ರ ದಶಕದ ಆರಂಭದಲ್ಲಿ ಆಮದಾದ ಪೋರ್ಷೆ ಕ್ಯಾರೆರಾ ಕಾರೊಂದು ಇಬ್ಬರ ಕೈ ದಾಟಿ ಮೂರನೆಯವರ ಬಳಿಗೆ ಬಂದಿತ್ತು. ಆಮದಿನ ವೇಳೆ ವಂಚನೆ ನಡೆದಿದೆ ಎಂದು ಕಸ್ಟಮ್ಸ್ ಇಲಾಖೆ ಈ ಕೊನೆಯ ಖರೀದಿದಾರರಿಂದಲೇ ಸುಂಕ ಕೇಳಿತು. ಕೇರಳ ಹೈಕೋರ್ಟ್‌ನಲ್ಲಿ ಅವರಿಗೆ ಸೋಲಾಯಿತು. ಅಂತಿಮವಾಗಿ ಸುಪ್ರೀಂ ಕೋರ್ಟ್, ಹಳೆಯ ಕಾರು ಕೊಂಡವರು ಆಮದುದಾರರಲ್ಲವಾದ್ದರಿಂದ ಸುಂಕ ಕಟ್ಟುವ ಹೊಣೆ ಅವರದ್ದಲ್ಲ ಎಂದು ಹೇಳಿತು.

ತೀರ್ಪು ಖರೀದಿದಾರರ ಪರವಾಗಿದೆ ಎಂದು ನಿರಾಳರಾಗುವಂತಿಲ್ಲ. ನ್ಯಾಯ ದೊರೆಯುವ ಹೊತ್ತಿಗೆ ಕಾರು ಕೊಂಡು ಸುಮಾರು ಎರಡು ದಶಕ ಸಂದಿತ್ತು. ಅಲ್ಲದೆ ಸುಂಕದ ಹೊಣೆ ಬೇರೆ, ಮುಟ್ಟುಗೋಲು ಬೇರೆ. ಅಕ್ರಮವಾಗಿ ಬಂದ ಸರಕನ್ನು ಯಾರ ಬಳಿ ಇದ್ದರೂ ವಶಪಡಿಸಿಕೊಳ್ಳುವ ಅಧಿಕಾರ ಕಸ್ಟಮ್ಸ್ ಕಾಯ್ದೆಯಲ್ಲಿದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತೆ, ವಂಚಿಸಿದ ಆಮದುದಾರ ಒಬ್ಬ, ನ್ಯಾಯಾಲಯದ ಮೆಟ್ಟಿಲು ಹತ್ತುವವರು ಇನ್ನೊಬ್ಬರು.

ಬೆಲೆ ಎರಡನೆಯವರದು, ದುರಸ್ತಿ ಮೊದಲಿನವರದು

ಕಾಗದಪತ್ರ ಸರಿಯಿದ್ದರೂ ಯಂತ್ರದ ಲೆಕ್ಕ ಬೇರೆ ಇದೆ. 20 ಲಕ್ಷ ರೂ.ಗೆ ಕೊಂಡ ಕೂಪೆಯ ಬ್ರೇಕ್ ಡಿಸ್ಕ್, ಶಾಕ್ ಅಬ್ಸಾರ್ಬರ್, ಹೆಡ್‌ಲೈಟ್‌ಗಳು 20 ಲಕ್ಷ ರೂ. ಕಾರಿನ ಬೆಲೆಗೆ ಸಿಗುವುದಿಲ್ಲ. 60 ಲಕ್ಷ ರೂ. ಕಾರಿನ ಬೆಲೆಗೇ ಸಿಗುತ್ತವೆ. ಎರಡು ಕ್ಲಚ್‌ಗಳ ಸ್ವಯಂಚಾಲಿತ ಗೇರ್‌ಬಾಕ್ಸ್‌ಗೆ ಕಾಲಕಾಲಕ್ಕೆ ವಿಶೇಷ ಎಣ್ಣೆ ಬದಲಿಸಬೇಕು. ಅದನ್ನು ಹಿಂದಿನವರು ಉಪೇಕ್ಷಿಸಿದ್ದರೆ ಬಿಲ್ಲು ಹೊಸಬರ ಕೈಗೆ ಬರುತ್ತದೆ. ಕಾರು ಕಡಿಮೆ ಓಡಿದೆ ಎಂಬುದೂ ಸದಾ ಒಳ್ಳೆಯ ಲಕ್ಷಣವಲ್ಲ. ವರ್ಷಗಟ್ಟಲೆ ನಿಂತ ಕಾರಿನಲ್ಲಿ ರಬ್ಬರ್ ಸೀಲುಗಳು ಒಣಗುತ್ತವೆ, ಬ್ಯಾಟರಿ ಸೋಲುತ್ತದೆ, ಟೈರು ಗಡುಸಾಗುತ್ತದೆ. ಟೈರಿನ ಬದಿಯಲ್ಲಿ ಅಚ್ಚಾಗಿರುವ ನಾಲ್ಕು ಅಂಕಿಗಳಲ್ಲಿ ಮೊದಲೆರಡು ತಯಾರಾದ ವಾರವನ್ನೂ ಕೊನೆಯೆರಡು ವರ್ಷವನ್ನೂ ತಿಳಿಸುತ್ತವೆ. 2019ರ ಟೈರು ನೋಡಲು ಹೊಸದರಂತಿದ್ದರೂ ವೇಗದ ಕಾರಿಗೆ ನಂಬಿಕೆಗೆ ಅರ್ಹವಲ್ಲ.

ಇಂಧನವೂ ಈಗ ಚರ್ಚೆಯ ವಿಷಯ. ಶೇ. 20 ಎಥೆನಾಲ್ ಬೆರೆತ ಪೆಟ್ರೋಲ್‌ಗೆ ಹೊಂದುವ ಬಿಡಿಭಾಗಗಳು ಹೊಸ ಕಾರುಗಳಲ್ಲಿ ಬಂದದ್ದು 2023ರ ಏಪ್ರಿಲ್‌ನಿಂದ. ಅದಕ್ಕೆ ಮುಂಚಿನ ಆಮದು ಕಾರು ಕೊಳ್ಳುವವರು ಇಂಧನ ಪೈಪು, ಸೀಲುಗಳ ಸ್ಥಿತಿಯನ್ನೂ ತಯಾರಕರ ಸೂಚನೆಯನ್ನೂ ನೋಡಿಕೊಳ್ಳಬೇಕು.

2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಪೂರ್ವ ಭಾಗದ ಬಡಾವಣೆಗಳು ಮುಳುಗಿದಾಗ ಕೋಟಿ ಬೆಲೆಯ ಕಾರುಗಳು ನೀರಿನಲ್ಲಿ ನಿಂತ ಚಿತ್ರಗಳು ದೇಶದಾದ್ಯಂತ ಹರಿದಾಡಿದವು. ನೆರೆಗೆ ಸಿಕ್ಕ ಕಾರನ್ನು ಒಣಗಿಸಿ, ಒಳಾಂಗಣ ಬದಲಿಸಿ ದೂರದ ಊರಿನಲ್ಲಿ ಮಾರುವುದು ಈ ವ್ಯಾಪಾರದ ಹಳೆಯ ಚಾಳಿ. ಆಸನದ ಕಂಬಿಗಳ ತುಕ್ಕು, ಡಿಕ್ಕಿಯ ತಳದ ಕೆಸರು, ಸೀಟ್ ಬೆಲ್ಟನ್ನು ಪೂರ್ತಿ ಎಳೆದಾಗ ಕಾಣುವ ನೀರಿನ ಗುರುತು ಮಾತ್ರ ನಿಜ ಹೇಳುತ್ತವೆ. ನೀರು ಹೊಕ್ಕ ವಿದ್ಯುನ್ಮಾನ ಘಟಕಗಳು ತಿಂಗಳುಗಳ ಬಳಿಕ ಒಂದೊಂದಾಗಿ ಕೈಕೊಡುತ್ತವೆ.

ದೆಹಲಿಯ ಕಾರುಗಳ ಅಗ್ಗಕ್ಕೆ ಮತ್ತೊಂದು ಹಿನ್ನೆಲೆ. ಅಲ್ಲಿ 10 ವರ್ಷ ಮೀರಿದ ಡೀಸೆಲ್, 15 ವರ್ಷ ಮೀರಿದ ಪೆಟ್ರೋಲ್ ವಾಹನಗಳ ಮೇಲಿನ ನಿರ್ಬಂಧವನ್ನು ಸುಪ್ರೀಂ ಕೋರ್ಟ್ 2018ರಲ್ಲಿ ಎತ್ತಿಹಿಡಿದಿತ್ತು. 2025ರ ಆಗಸ್ಟ್‌ನಲ್ಲಿ ಬಲವಂತದ ಕ್ರಮ ಬೇಡವೆಂದು ಆದೇಶಿಸಿ, ಡಿಸೆಂಬರ್‌ನಲ್ಲಿ ಆ ರಕ್ಷಣೆಯನ್ನು ಬಿಎಸ್–4 ಮತ್ತು ನಂತರದ ವಾಹನಗಳಿಗೆ ಸೀಮಿತಗೊಳಿಸಿತು. ಈ ಅನಿಶ್ಚಿತತೆಯಲ್ಲಿ ಅಲ್ಲಿನವರು ಮಾರಿಬಿಡುವ ಕಾರು ಇಲ್ಲಿಗೆ ಬಂದಾಗ ನಿರಾಕ್ಷೇಪಣಾ ಪತ್ರ, ಮರುನೋಂದಣಿ, ತೆರಿಗೆ ಎಲ್ಲವೂ ಜತೆಗೂಡುತ್ತವೆ. ಇನ್ನು 15 ವರ್ಷ ತುಂಬಿದ ಆಮದು ಕಾರಿನ ನೋಂದಣಿ ನವೀಕರಣ ಶುಲ್ಕ 2022ರ ಏಪ್ರಿಲ್‌ನಿಂದ 40 ಸಾವಿರ ರೂ.; 20 ವರ್ಷ ದಾಟಿದ್ದಕ್ಕೆ 2025ರ ಆಗಸ್ಟ್‌ನ ಅಧಿಸೂಚನೆಯಂತೆ 80 ಸಾವಿರ ರೂ. ಸ್ವದೇಶಿ ಕಾರಿನ ಶುಲ್ಕಕ್ಕೆ ಇದು ಎಂಟು ಪಟ್ಟು.

ಸರ್ಕಾರ ಮಾಡಬೇಕಾದುದು

ತೆರಿಗೆ ವಂಚಕರ ಮೇಲೆ ಕ್ರಮ ಕೈಗೊಳ್ಳುವುದು ತಪ್ಪಲ್ಲ. 8 ಲಕ್ಷ ರೂ. ಕಾರು ಕೊಂಡ ಶಾಲಾ ಶಿಕ್ಷಕರು ಒಂದು ರೂಪಾಯಿಯೂ ಬಾಕಿ ಇಲ್ಲದಂತೆ ತೆರಿಗೆ ಕಟ್ಟುವ ರಾಜ್ಯದಲ್ಲಿ 8 ಕೋಟಿ ರೂ. ಕಾರಿನವರು ತಪ್ಪಿಸಿಕೊಳ್ಳುವುದನ್ನು ಯಾರೂ ಸಮರ್ಥಿಸಲಾರರು. ಪ್ರಶ್ನೆ ಇರುವುದು ಕಾರ್ಯಾಚರಣೆಯ ಕಾಲದ ಬಗ್ಗೆ. ಕಾರು ಎರಡು ಮೂರು ಕೈ ದಾಟಿದ ಮೇಲೆ ಹಿಡಿದರೆ ಸಿಕ್ಕಿಬೀಳುವುದು ಬಹುಮಟ್ಟಿಗೆ ಆ ಹೊತ್ತಿಗೆ ಕೀಲಿಕೈ ಹಿಡಿದವರು. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದಂತೆ ಆಗುವುದು ಇಲ್ಲಿಯೇ.

ವಾಹನಗಳ ನೋಂದಣಿ ಮಾಹಿತಿ ‘ವಾಹನ್’ ಜಾಲದಲ್ಲಿದೆ. ಒಂದು ರಾಜ್ಯ ನಿರಾಕ್ಷೇಪಣಾ ಪತ್ರ ಕೊಟ್ಟ ಕೂಡಲೇ ಇನ್ನೊಂದು ರಾಜ್ಯದ ಪ್ರಾಧಿಕಾರಕ್ಕೆ ಸೂಚನೆ ಹೋಗಿ, ಕಟ್ಟಬೇಕಾದ ತೆರಿಗೆಯ ಮೊತ್ತವನ್ನು ಖರೀದಿದಾರರು ಮುಂಗಡವಾಗಿಯೇ ನೋಡುವಂತಾದರೆ ಅರ್ಧ ಸಮಸ್ಯೆ ಬಗೆಹರಿಯುತ್ತದೆ. ಮೂಲ ರಾಜ್ಯದ ತೆರಿಗೆ ಮರುಪಾವತಿಗಾಗಿ ನಾಗರಿಕರು ಎರಡು ಕಚೇರಿಗಳ ನಡುವೆ ಅಲೆಯುವ ಬದಲು ರಾಜ್ಯಗಳೇ ಪರಸ್ಪರ ಲೆಕ್ಕ ತೀರಿಸಿಕೊಳ್ಳುವ ವ್ಯವಸ್ಥೆ ಅಸಾಧ್ಯವೇನಲ್ಲ. ಅಧಿಕಾರ ಪತ್ರವಿಲ್ಲದೆ ಹಳೆಯ ಕಾರು ಮಾರುವ ಮಳಿಗೆಗಳ ಮೇಲೆ, ಕಾರುಗಳ ಮೇಲಿನಷ್ಟೇ ಉತ್ಸಾಹದಿಂದ ತಪಾಸಣೆ ನಡೆಯಬೇಕು. ವಂಚನೆಯ ಲಾಭ ಉಂಡವರು ಬಹುಪಾಲು ಅಲ್ಲಿರುತ್ತಾರೆ, ರಸ್ತೆಯಲ್ಲಲ್ಲ.

ಮೊದಲು ಕಾಗದ, ಆಮೇಲೆ ಎಂಜಿನ್

ಅಲ್ಲಿಯವರೆಗೆ ಖರೀದಿದಾರರೇ ತಮ್ಮ ಎಚ್ಚರದಲ್ಲಿರಬೇಕು. ಪರೀಕ್ಷಾರ್ಥ ಚಾಲನೆಗೆ ಕುಳಿತು ಎಂಜಿನ್ ಸದ್ದಿಗೆ ಮನಸೋಲುವ ಮೊದಲು ಆರ್‌ಸಿ, ವಿಮೆ, ಸಾಲದ ನಮೂದು, ಬಾಕಿ ದಂಡಗಳನ್ನು ಪರಿವಾಹನ್ ಜಾಲತಾಣದಲ್ಲಿ ತಾಳೆ ನೋಡಬೇಕು. ಚಾಸಿ ಸಂಖ್ಯೆಯನ್ನು ಕಾರಿನ ಮೇಲೂ ದಾಖಲೆಯಲ್ಲೂ ಹೋಲಿಸಿ, ಅದೇ ಸಂಖ್ಯೆಯಿಂದ ಕಂಪನಿಯ ಅಧಿಕೃತ ಸೇವಾ ಕೇಂದ್ರದಲ್ಲಿ ಸರ್ವಿಸ್ ಇತಿಹಾಸ ಕೇಳಬೇಕು. ಖಾಸಗಿಯಾಗಿ ಆಮದಾದ ಕಾರಾದರೆ ಕಸ್ಟಮ್ಸ್‌ನ ‘ಬಿಲ್ ಆಫ್ ಎಂಟ್ರಿ’ ನೋಡದೆ ಮುಂಗಡ ಕೊಡಬಾರದು. ಮಾರುವವರಿಗೆ ಸಂಬಂಧಪಡದ ಗ್ಯಾರೇಜಿನಲ್ಲಿ ಸ್ಕ್ಯಾನರ್ ಹಚ್ಚಿ ಪರೀಕ್ಷಿಸಬೇಕು. ಓಡಿದ ಕಿಲೋಮೀಟರ್‌ಗಳನ್ನು ಮೀಟರಿನಲ್ಲಿ ತಿದ್ದಿದ್ದರೂ ಕೆಲವು ಕಾರುಗಳಲ್ಲಿ ಇತರ ನಿಯಂತ್ರಣ ಘಟಕಗಳಲ್ಲಿ ಹಳೆಯ ಅಂಕಿ ಉಳಿದಿರುತ್ತದೆ.

ಹೊರರಾಜ್ಯದ ಕಾರಾದರೆ ಬೆಲೆ ಒಪ್ಪಿಕೊಳ್ಳುವ ಮುನ್ನ ಆರ್‌ಟಿಒ ಕಚೇರಿಯಲ್ಲಿ ತೆರಿಗೆ ಎಷ್ಟೆಂದು ವಿಚಾರಿಸಿ, ಆ ಮೊತ್ತವನ್ನು ಬೆಲೆಗೆ ಸೇರಿಸಿಯೇ ಹೋಲಿಕೆ ಮಾಡಬೇಕು. ಮೊದಲ ವರ್ಷದ ದುರಸ್ತಿಗೆಂದು ಒಂದಿಷ್ಟು ಹಣ ಕೈಯಲ್ಲಿ ಉಳಿಯದಿದ್ದರೆ ಆ ಕಾರು ನಮ್ಮ ಶಕ್ತಿಗೆ ಮೀರಿದ್ದು ಎಂದೇ ತಿಳಿಯಬೇಕು. ಐದು ವರ್ಷ ಮೀರಿದ ಕಾರಿನ ವಿಮಾ ಮೌಲ್ಯ ವಿಮಾ ಕಂಪನಿ ಮತ್ತು ಮಾಲೀಕರ ಪರಸ್ಪರ ಒಪ್ಪಿಗೆಯಿಂದ ನಿಗದಿಯಾಗುತ್ತದೆ. ಕಂತು ಉಳಿಸಲು ಅದನ್ನು ತೀರ ಕಡಿಮೆ ತೋರಿಸಿದರೆ ಒಂದೇ ಅಪಘಾತದಲ್ಲಿ ದುರಸ್ತಿಯ ಅಂದಾಜು ವಿಮಾ ಮೌಲ್ಯವನ್ನು ಮೀರಿಬಿಡಬಹುದು.

ಚಂದದ ಕಾರಿನ ಆಸೆ ತಪ್ಪಲ್ಲ. ಹೊಸದನ್ನು ಕೊಳ್ಳಲಾಗದವರು ಹಳೆಯದನ್ನು ಕೊಂಡು ಜತನದಿಂದ ಇಟ್ಟುಕೊಳ್ಳುವುದೂ ತಪ್ಪಲ್ಲ. ಎಷ್ಟೋ ಒಳ್ಳೆಯ ಕಾರುಗಳು ಎರಡನೆಯ ಮಾಲೀಕರ ಕೈಯಲ್ಲೇ ಹೆಚ್ಚು ಅಕ್ಕರೆ ಕಂಡಿವೆ. ಆದರೆ ಕಾರಿನ ಜತೆ ಅದರ ತೆರಿಗೆ ಬಾಕಿ, ಬದಲಾಗದ ಹೆಸರು, ಮುಚ್ಚಿಟ್ಟ ಹಾನಿ ಎಲ್ಲವೂ ಮನೆಗೆ ಬರುತ್ತವೆ. ಇವುಗಳಿಗೆಲ್ಲ ಬೆಲೆ ಕಟ್ಟಿ ಕೂಡಿಸಿದ ಮೇಲೂ ಕಾರು ಅಗ್ಗವೆನಿಸಿದರೆ ಮಾತ್ರ ಅದು ನಿಜವಾಗಿ ಅಗ್ಗ.